ಕೆಟ್ಟ ಬಿಒಡಿ ಪೆಟ್ಟಿಗೆ, ಪೆನಿಸಿಲಿನ್ ಬೂಷ್ಟು ಮತ್ತು ಒಂದು ಬಿಳಿ ತುಂಡು

ಬಯಲುಸೀಮೆಯ ಏಪ್ರಿಲ್‌ನಲ್ಲಿ ಪೆನಿಸಿಲಿನ್ ಬೂಷ್ಟು ಬೆಳೆಸಲು ಹೊರಟರೆ ಮೊದಲು ಎದುರಾಗುವುದು ಸೆಕೆ. ಪೆನಿಸಿಲಿಯಂ ಕ್ರೈಸೋಜೀನಂಗೆ 25 ಡಿಗ್ರಿ ಹಿತ. ನಮ್ಮ ಲ್ಯಾಬ್ ಮಧ್ಯಾಹ್ನ 36 ದಾಟುತ್ತದೆ. ಮಾಮೂಲಿ ಇನ್‌ಕ್ಯುಬೇಟರ್‌ಗೆ ಬಿಸಿ ಮಾಡುವುದು ಮಾತ್ರ ಗೊತ್ತು, ಕೋಣೆಗಿಂತ ಕೆಳಗೆ ಇಳಿಯುವುದು ಅದರ ಕೈಲಾಗದು. ಬೇಕಾದದ್ದು ಬಿಒಡಿ ಇನ್‌ಕ್ಯುಬೇಟರ್, ಅಂದರೆ ಕಂಪ್ರೆಸರ್ ಮತ್ತು ಹೀಟರ್ ಎರಡೂ ಇರುವ ಪೆಟ್ಟಿಗೆ. ಅದು ನಮ್ಮಲ್ಲಿ ಇತ್ತು. ಕೆಟ್ಟು ನಿಂತು, ಮೇಲೆ ಹಳೇ ರೆಕಾರ್ಡ್ ಪುಸ್ತಕಗಳ ರಾಶಿ ಹೊತ್ತುಕೊಂಡಿತ್ತು.

ಹೊಸದರ ಬೆಲೆ ಕೇಳಿ ಸುಮ್ಮನಾದೆವು. ಫ್ರಿಜ್ ಮೆಕ್ಯಾನಿಕ್ ಒಬ್ಬರನ್ನು ಕರೆಸಿ ತೋರಿಸಿದೆ. ಅವರು ಕಂಪ್ರೆಸರ್‌ಗೆ ನೇರ ಕರೆಂಟ್ ಕೊಟ್ಟು ನೋಡಿ, "ಗ್ಯಾಸ್ ಇದೆ ಸರ್, ಕಂಪ್ರೆಸರ್ ಚೆನ್ನಾಗಿದೆ. ತಲೆ ಮಾತ್ರ ಹೋಗಿದೆ" ಅಂದರು. ತಲೆ ಅಂದರೆ ಕಂಟ್ರೋಲರ್. ಅದನ್ನು ನಾನೇ ಹಾಕಬಹುದು ಅನ್ನಿಸಿತು.

ಪೆಟ್ಟಿಗೆ ಯಾಕೆ ಬೇಕಿತ್ತು ಅನ್ನುವುದನ್ನೂ ಹೇಳಿಬಿಡುತ್ತೇನೆ. ಬೂಷ್ಟಿನ ಮುಂದೆ ಯಾವಾಗಲೂ ಮೂರು ಕೆಲಸ ಇರುತ್ತವೆ: ಎಳೆ ಚಾಚಿ ಬೆಳೆಯುವುದು, ಬೀಜಕ ಕಟ್ಟುವುದು, ಪೆನಿಸಿಲಿನ್‌ನಂಥ ರಾಸಾಯನಿಕ ತಯಾರಿಸುವುದು. ಯಾವುದು ಯಾವಾಗ ಎಂದು ತೀರ್ಮಾನ ಮಾಡುವುದು ಜೀವಕೋಶದೊಳಗಿನ ಸಂದೇಶ ಪ್ರೋಟೀನ್‌ಗಳು. ಪರೀಕ್ಷೆಯಲ್ಲಿ ಹುಡುಗರು ಬರೆಯುವ ಉತ್ತರ ಸಾಮಾನ್ಯವಾಗಿ ಹೀಗಿರುತ್ತದೆ: ಬೀಜಕ ಕಟ್ಟುವ ಹೊತ್ತಿಗೇ ಆಂಟಿಬಯೋಟಿಕ್ಕೂ ಬರುತ್ತದೆ, ಎರಡಕ್ಕೂ ಒಂದೇ ಸ್ವಿಚ್ಚು. ಪೆನಿಸಿಲಿನ್ ಈ ಉತ್ತರಕ್ಕೆ ಒಗ್ಗುವುದಿಲ್ಲ. ಅದನ್ನು ತಟ್ಟೆಯ ಮೇಲೆ ಎಷ್ಟರ ಮಟ್ಟಿಗೆ ತೋರಿಸಬಹುದು ಎಂದು ನೋಡುವುದು ನನ್ನ ಉದ್ದೇಶ. ಜೀನ್ ತಿದ್ದುವ ಸೌಕರ್ಯ ನಮ್ಮಲ್ಲಿಲ್ಲ. ಬೆಳಕು, ಸಕ್ಕರೆ, ಕೆಫೀನ್, ಇಷ್ಟೇ ನಮ್ಮ ಕೈಲಿರುವ ಉಪಕರಣ.

ಪೆಟ್ಟಿಗೆ ರಿಪೇರಿ

ಬೆಂಗಳೂರಿನ ಎಸ್‌ಪಿ ರೋಡಿನಿಂದ ಎಸ್‌ಟಿಸಿ-1000 ಕಂಟ್ರೋಲರ್ ತರಿಸಿದೆ. ಅದರಲ್ಲಿ ಬಿಸಿಗೊಂದು, ತಂಪಿಗೊಂದು, ಎರಡು ರಿಲೇ ಇವೆ. 1 ಮತ್ತು 2ನೇ ತಿರುಪಿಗೆ 230 ವೋಲ್ಟ್, 3 ಮತ್ತು 4ಕ್ಕೆ ಸೆನ್ಸರ್, 5 ಮತ್ತು 6 ಹೀಟರ್, 7 ಮತ್ತು 8 ಕಂಪ್ರೆಸರ್. ರಿಲೇ ಮೇಲೆ 10 ಆಂಪಿಯರ್ ಎಂದು ಬರೆದಿರುತ್ತದೆ, ಆದರೆ ಕಂಪ್ರೆಸರ್ ಶುರುವಾಗುವ ಗಳಿಗೆಯಲ್ಲಿ ಎಳೆಯುವ ಕರೆಂಟ್ ಓಡುವಾಗಿನದಕ್ಕಿಂತ ತುಂಬಾ ಜಾಸ್ತಿ. ಹಾಗಾಗಿ ನಡುವೆ ಒಂದು ಕಾಂಟ್ಯಾಕ್ಟರ್ ಹಾಕಿದೆ. ಪುಟ್ಟ ರಿಲೇ ಕಾಂಟ್ಯಾಕ್ಟರನ್ನು ಎಳೆಯುತ್ತದೆ, ಕಾಂಟ್ಯಾಕ್ಟರ್ ಕಂಪ್ರೆಸರನ್ನು ನೋಡಿಕೊಳ್ಳುತ್ತದೆ. ಒಳಗೆ ಕೈ ಹಾಕುವ ಮೊದಲು ಪ್ಲಗ್ ಕಿತ್ತು, ಕೆಪಾಸಿಟರ್ ಇದ್ದರೆ ಅದನ್ನು ಖಾಲಿ ಮಾಡಿ. ಅರ್ತ್ ತಂತಿ ಮೈ ತಗಡಿಗೆ ಗಟ್ಟಿಯಾಗಿ ಕಚ್ಚಿದೆಯೋ ಎಂದು ಮೀಟರ್ ಹಿಡಿದು ನೋಡಿ. ನೀರು ಸೋರುವ ಪೆಟ್ಟಿಗೆಯಲ್ಲಿ ಇದಕ್ಕೆ ರಿಯಾಯಿತಿ ಇಲ್ಲ.

ಸೆಟ್ಟಿಂಗ್‌ಗಳು ಹೀಗಿವೆ: ಎಫ್1 (ಬೇಕಾದ ಡಿಗ್ರಿ) 25, ಎಫ್2 (ಅದರಿಂದ ಎಷ್ಟು ಆಚೀಚೆ ಆಗಬಹುದು) 0.5, ಎಫ್3 (ಕಂಪ್ರೆಸರ್ ಮತ್ತೆ ಶುರುವಾಗುವ ಮೊದಲು ಕಾಯುವುದು) 5 ನಿಮಿಷ. ಕೊನೆಯದು ಕಂಪ್ರೆಸರ್‌ನ ಜೀವ ಉಳಿಸುವ ಸೆಟ್ಟಿಂಗ್. ಕರೆಂಟ್ ಹೋಗಿ ತಕ್ಷಣ ಬಂದರೆ ಕೊಳವೆಯೊಳಗೆ ಒತ್ತಡ ಇನ್ನೂ ಇಳಿದಿರುವುದಿಲ್ಲ, ಆಗ ಶುರು ಮಾಡಿದರೆ ಕಂಪ್ರೆಸರ್ ಮುಲುಗುತ್ತದೆ. ನಮ್ಮ ಊರಿನಲ್ಲಿ ಕರೆಂಟ್ ಹಾಗೆಯೇ ಬರುವುದು.

ಸೆನ್ಸರನ್ನು ಗಾಳಿಯಲ್ಲಿ ನೇತುಬಿಟ್ಟರೆ ಬಾಗಿಲು ತೆಗೆದ ಪ್ರತಿ ಸಲ ಗಾಬರಿಯಾಗುತ್ತದೆ. ಚಿಕ್ಕ ಬಾಟಲಿಯಲ್ಲಿ ಗ್ಲಿಸರಾಲ್ ತುಂಬಿ ಅದರೊಳಗೆ ಮುಳುಗಿಸಿದೆ. ಆಗ ಅದು ಗಾಳಿಯ ಬಿಸಿ ಬಿಟ್ಟು, ತಟ್ಟೆಯೊಳಗೆ ಬೂಷ್ಟು ಬೆಳೆಯುವ ಲೋಳೆಯ, ಅಂದರೆ ಅಗರ್‌ನ ಬಿಸಿಗೆ ಹತ್ತಿರವಾದದ್ದನ್ನು ಓದುತ್ತದೆ. ಎರಡನೇ ತೊಂದರೆ ಹೀಟರ್‌ನದು. ಮೂಲ ಹೀಟರ್ ತುಂಬಾ ಜೋರು. ಆರಿಸಿದ ಮೇಲೂ ಅದರ ಬಿಸಿ ಏರುತ್ತಾ ಹೋಗಿ 25.5 ದಾಟುತ್ತದೆ, ಆಗ ಕಂಪ್ರೆಸರ್ ಎದ್ದು ತಂಪು ಮಾಡುತ್ತದೆ, ಮತ್ತೆ ಹೀಟರ್. ರಾತ್ರಿಯಿಡೀ ಎರಡೂ ಜಗಳ. ಅದನ್ನು ಕಿತ್ತು 10 ಓಮ್, 50 ವ್ಯಾಟ್‌ನ ಅಲ್ಯೂಮಿನಿಯಂ ಮೈಯ ರೆಸಿಸ್ಟರ್ ಎರಡನ್ನು ಫ್ಯಾನಿನ ಮುಂದೆ ತಗಡಿಗೆ ಬಿಗಿದೆ. 12 ವೋಲ್ಟ್ ಕೊಟ್ಟರೆ ಒಂದೊಂದೂ 14 ವ್ಯಾಟ್ ಚಿಲ್ಲರೆ ಬಿಸಿ ಕೊಡುತ್ತದೆ. ಅಷ್ಟು ಸಾಕು. ಬಲ್ಬ್ ಹಾಕಿ ಬಿಸಿ ಮಾಡುವ ಸುಲಭ ಉಪಾಯ ಅನೇಕರು ಹೇಳಿದರು, ಆದರೆ ನನಗೆ ಒಳಗೆ ನಿಜವಾದ ಕತ್ತಲೆ ಬೇಕಿತ್ತು.

ಫ್ಯಾನಿನ ಬುಷ್‌ಗೆ ಎಣ್ಣೆ, ಬಾಗಿಲಿಗೆ ಹೊಸ ಗ್ಯಾಸ್ಕೆಟ್. ಗಾಳಿ ಒಣಗದಂತೆ ಕೆಳಗೆ ಒಂದು ಟ್ರೇ ನೀರು, ಅದರಲ್ಲಿ ಬೇಡದ ಬೂಷ್ಟು ಬೆಳೆಯದಿರಲಿ ಎಂದು ಸ್ವಲ್ಪ ಮೈಲುತುತ್ತ.

ಬೆಳಕಿನ ತಟ್ಟೆ, ಕತ್ತಲೆಯ ತಟ್ಟೆ

ಬೆಳಕು ಯಾಕೆ? ಅಸ್ಪರ್ಜಿಲಸ್ ನಿಡುಲನ್ಸ್ ಎಂಬ ಬೂಷ್ಟಿನಲ್ಲಿ ವೆಲ್ವೆಟ್ ಕುಟುಂಬದ ಪ್ರೋಟೀನ್‌ಗಳಿವೆ. ಅವುಗಳಲ್ಲಿ ವಿಇಎ ಎಂಬುದು ಕತ್ತಲೆಯಲ್ಲಿ ಕೋಶಕೇಂದ್ರದೊಳಕ್ಕೆ ಹೋಗಿ ವೆಲ್‌ಬಿ ಮತ್ತು ಲೇಎ ಎಂಬ ಪ್ರೋಟೀನ್‌ಗಳ ಜೊತೆ ಸೇರುತ್ತದೆ. ಬೆಳಕಿದ್ದರೆ ಅದು ಒಳಗೆ ಹೋಗುವುದು ಕಡಿಮೆಯಾಗುತ್ತದೆ. ಈ ಮೂರರ ಕೂಟವನ್ನು 2008ರಲ್ಲಿ ತೋರಿಸಿದರು. ಬೀಜಕದ ಬಗೆಯನ್ನೂ ರಾಸಾಯನಿಕ ತಯಾರಿಯನ್ನೂ ಒಟ್ಟಿಗೆ ಹಿಡಿದಿರುವುದು ಇದೇ ಕೂಟ. ನಮ್ಮ ಪೆನಿಸಿಲಿಯಂನಲ್ಲೂ ಇದರ ಸೋದರ ಪ್ರೋಟೀನ್‌ಗಳಿವೆ. ಅವುಗಳಲ್ಲಿ ವೆಲ್‌ಎ (ವಿಇಎಯ ಸೋದರ) ಅಥವಾ ಲೇಎ ಜೀನ್ ಅಳಿಸಿದರೆ ಪೆನಿಸಿಲಿನ್ ಇಳಿಯುತ್ತದೆ.

ಒಂದು ಎಚ್ಚರಿಕೆ. ನಿಡುಲನ್ಸ್‌ನ ಬಹುಪಾಲು ಲ್ಯಾಬ್ ತಳಿಗಳಲ್ಲಿ ವಿಇಎ ಜೀನೇ ಅರೆ ಕೆಟ್ಟಿರುತ್ತದೆ. ಅವು ಕತ್ತಲೆಯಲ್ಲೂ ಆರಾಮಾಗಿ ಹಸಿರು ಬೀಜಕ ಕಟ್ಟುತ್ತವೆ. ಅದೂ ಅಲ್ಲದೆ ನಿಡುಲನ್ಸ್ ಸ್ಟೆರಿಗ್ಮಾಟೊಸಿಸ್ಟಿನ್ ಎಂಬ ವಿಷ ಮಾಡುತ್ತದೆ. ಕಡಲೆಕಾಯಿಗೆ ಹತ್ತುವ ಅಫ್ಲಾಟಾಕ್ಸಿನ್‌ನ ಹಿಂದಿನ ಮೆಟ್ಟಿಲು ಅದು. ಹುಡುಗರ ಕೈಗೆ ಕೊಡಲು ನನಗೆ ಇಷ್ಟವಿರಲಿಲ್ಲ. ಚಂಡೀಗಢದ ಎಂಟಿಸಿಸಿ ಸಂಗ್ರಹದಿಂದ ಪೆನಿಸಿಲಿಯಂ ತರಿಸಿದೆವು.

ಪೆಟ್ಟಿಗೆಯ ಒಂದೇ ಅರೆಯಲ್ಲಿ ಎರಡು ರಟ್ಟಿನ ಡಬ್ಬ ಇಟ್ಟು, ಎರಡಕ್ಕೂ ಒಂದೇ ಅಳತೆಯ ಬಿಳಿ ಎಲ್‌ಇಡಿ ಪಟ್ಟಿ ಅಂಟಿಸಿದೆ. ಎರಡರಲ್ಲೂ ದೀಪ ಉರಿಯುತ್ತದೆ. ಒಂದರ ತಟ್ಟೆಗಳಿಗೆ ಮಾತ್ರ ಅಲ್ಯೂಮಿನಿಯಂ ಹಾಳೆ ಸುತ್ತಿದೆ. ದೀಪವನ್ನೇ ಒಂದರಲ್ಲಿ ಆರಿಸಿದ್ದರೆ ಕೆಲಸ ಸಲೀಸು, ಆದರೆ ಎಲ್‌ಇಡಿಯೂ ಬಿಸಿ ಕೊಡುತ್ತದೆ. ಆಮೇಲೆ ವ್ಯತ್ಯಾಸ ಬಂದರೆ ಅದು ಬೆಳಕಿನದೋ ಬಿಸಿಯದೋ ಹೇಳುವುದು ಹೇಗೆ? ಬೀಜಕ ಹಾಕದ ಅಗರ್ ತಟ್ಟೆಯೊಂದನ್ನು ಪ್ರತಿ ಡಬ್ಬದಲ್ಲಿಟ್ಟು ಅದರೊಳಗೆ ಬಿಸಿ ಅಳೆಯುವ ಡಿಎಸ್18ಬಿ20 ಸೆನ್ಸರ್ ಚುಚ್ಚಿ ಆರ್ಡುಯಿನೋ ಎಂಬ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡಿನಲ್ಲಿ ದಾಖಲಿಸಿದೆ. ಮೊದಲು ಬೆಳಕಿನ ತಟ್ಟೆ ಹೆಚ್ಚು ಬೆಚ್ಚಗಿತ್ತು. ಎಲ್‌ಇಡಿಯ ವೋಲ್ಟ್ ಇಳಿಸಿ, ಡಬ್ಬದ ಬೆನ್ನಿಗೆ ತೂತು ಕೊರೆದ ಮೇಲೆ ಎರಡೂ ಅರ್ಧ ಡಿಗ್ರಿಯೊಳಗೆ ಬಂದವು. ಹಾಳೆಯನ್ನು ಬಿಗಿಯಾಗಿ ಸುತ್ತಬೇಡಿ. ಗಾಳಿ ಆಡದಿದ್ದರೆ ಇಂಗಾಲದ ಡೈಆಕ್ಸೈಡ್ ಕೂಡಿಕೊಂಡು ಬೀಜಕ ಕಡಿಮೆಯಾಗುತ್ತದೆ, ನೀವು ಅದನ್ನು ಕತ್ತಲೆಯ ಲೆಕ್ಕಕ್ಕೆ ಬರೆಯುತ್ತೀರಿ.

ಸ್ವಿಚ್ಚಿನ ಒಳಗೆ

ಈಗ ಮುಖ್ಯ ಪಾತ್ರ. ಜಿ ಪ್ರೋಟೀನ್. ಇದರ ಕತೆ ಪ್ರಾಣಿಗಳ ಜೀವಕೋಶದಲ್ಲಿ ಶುರುವಾಗಿ, ಗಿಲ್ಮನ್ ಮತ್ತು ರಾಡ್‌ಬೆಲ್‌ಗೆ 1994ರಲ್ಲಿ ನೊಬೆಲ್ ತಂದಿತು. ಬೂಷ್ಟಿನಲ್ಲೂ ಅದೇ ಯಂತ್ರ ಇದೆ. ಆಲ್ಫಾ, ಬೀಟಾ, ಗಾಮಾ ಎಂಬ ಮೂರು ಭಾಗ. ಆಲ್ಫಾ ಜಿಡಿಪಿ ಎಂಬ ಪುಟ್ಟ ಅಣುವನ್ನು ಹಿಡಿದಿದ್ದರೆ ಸುಮ್ಮನಿರುತ್ತದೆ. ಹೊರಗಿನ ಸಂಕೇತ ಬಂದಾಗ ಅದನ್ನು ಬಿಟ್ಟು, ಅದಕ್ಕಿಂತ ಒಂದು ಫಾಸ್ಫೇಟ್ ಹೆಚ್ಚಿರುವ ಜಿಟಿಪಿ ಹಿಡಿಯುತ್ತದೆ, ಉಳಿದೆರಡರಿಂದ ಬೇರೆಯಾಗಿ ಕೆಲಸ ಶುರು ಮಾಡುತ್ತದೆ. ಸ್ವಲ್ಪ ಹೊತ್ತಿಗೆ ತಾನೇ ಜಿಟಿಪಿಯನ್ನು ಕತ್ತರಿಸಿ ಮತ್ತೆ ಸುಮ್ಮನಾಗುತ್ತದೆ. ರೈಲ್ವೆ ನಿಲ್ದಾಣದ ಒತ್ತು ನಲ್ಲಿ ಇದೆಯಲ್ಲ, ಒತ್ತಿದರೆ ನೀರು, ಕೈ ಬಿಟ್ಟ ಮೇಲೆ ತಾನೇ ನಿಲ್ಲುತ್ತದೆ, ಹಾಗೆ.

ನಿಡುಲನ್ಸ್‌ನಲ್ಲಿ ಈ ಆಲ್ಫಾದ ಹೆಸರು ಫ್ಯಾಡ್‌ಎ. ಅದನ್ನು ಬೇಗ ನಿಲ್ಲಿಸುವ ಇನ್ನೊಂದು ಪ್ರೋಟೀನ್ ಎಫ್‌ಎಲ್‌ಬಿಎ. 1996ರಲ್ಲಿ ಅಮೆರಿಕದ ಒಂದು ಗುಂಪು ಫ್ಯಾಡ್‌ಎಯ 42ನೇ ಜಾಗದ ಗ್ಲೈಸಿನ್ ತೆಗೆದು ಆರ್ಜಿನಿನ್ ಇಟ್ಟರೆ ಏನಾಗುತ್ತದೆ ಎಂದು ತೋರಿಸಿತು. ಆ ಆಲ್ಫಾಗೆ ಜಿಟಿಪಿ ಕತ್ತರಿಸಲು ಬರುವುದಿಲ್ಲ. ಸಂಕೇತ ನಿಲ್ಲುವುದೇ ಇಲ್ಲ. ಬೂಷ್ಟು ಬರೀ ಬೆಳೆಯುತ್ತದೆ. ಹಸಿರು ಬೀಜಕ ಇಲ್ಲ, ಉಬ್ಬಿದ ಬಿಳಿ ಎಳೆಗಳ ರಾಶಿ ಮಾತ್ರ. ಎಫ್‌ಎಲ್‌ಬಿಎ ಕೆಟ್ಟರೂ ಹೆಚ್ಚುಕಡಿಮೆ ಇದೇ ಗತಿ. ಮುಂದಿನ ವರ್ಷ ಇನ್ನೊಂದು ತಿಳಿಯಿತು: ಆ ಬಿಳಿ ಬೂಷ್ಟು ಸ್ಟೆರಿಗ್ಮಾಟೊಸಿಸ್ಟಿನ್ ಕೂಡ ಮಾಡುವುದಿಲ್ಲ. ಅಂದರೆ ಬೀಜಕವೂ ವಿಷವೂ ಒಟ್ಟಿಗೆ ನಿಂತವು. ಹುಡುಗರ ಉತ್ತರ ಇಲ್ಲಿಯವರೆಗೆ ಸರಿ.

2000ದಲ್ಲಿ ಅದು ಮುರಿಯಿತು. ಅದೇ ನಿಲ್ಲದ ಫ್ಯಾಡ್‌ಎ ಇರುವ ನಿಡುಲನ್ಸ್‌ನಲ್ಲಿ ಪೆನಿಸಿಲಿನ್ ಜಾಸ್ತಿಯಾಗಿತ್ತು! ಒಂದೇ ಜೀವಕೋಶ, ಒಂದೇ ಸ್ವಿಚ್ಚು, ಒಂದು ರಾಸಾಯನಿಕ ಇಳಿಯಿತು, ಇನ್ನೊಂದು ಏರಿತು. ಅದೇ ಜೀನನ್ನು ಫ್ಯುಸೇರಿಯಂ ಸ್ಪೊರೊಟ್ರೈಕಿಯಾಯ್ಡಿಸ್‌ಗೆ ಹಾಕಿದಾಗ ಅಲ್ಲಿನ ಟಿ-2 ವಿಷ ಕೂಡ ಏರಿತು.

ಪೆನಿಸಿಲಿಯಂ ಕ್ರೈಸೋಜೀನಂನಲ್ಲಿ ಇದೇ ಆಲ್ಫಾಗೆ ಪಿಜಿಎ1 ಎಂದು ಹೆಸರು. 2008ರಲ್ಲಿ ಸ್ಪೇನಿನ ಒಂದು ಗುಂಪು ಅದಕ್ಕೂ 42ನೇ ಜಾಗದ ಅದೇ ಬದಲಾವಣೆ ಮಾಡಿತು. ಪೆನಿಸಿಲಿನ್ ಏರಿತು, ಕ್ರೈಸೋಜೆನಿನ್ ಎಂಬ ಹಳದಿ ಬಣ್ಣ ಏರಿತು, ರಾಕ್‌ಫೋರ್ಟಿನ್ ಎಂಬ ವಿಷವೂ ಏರಿತು. ಜೀನನ್ನು ಅಳಿಸಿದಾಗ ಪೆನಿಸಿಲಿನ್ ಇಳಿಯಿತು, ಬೀಜಕ ಮಾತ್ರ ಹೆಚ್ಚಿತು. ಪೆನಿಸಿಲಿನ್ ಕಟ್ಟುವ ಮೂರು ಜೀನ್‌ಗಳಿವೆ: ಮೂರು ಅಮೈನೊ ಆಮ್ಲ ಜೋಡಿಸುವುದು, ಅದನ್ನು ಉಂಗುರ ಮಾಡುವುದು, ಪಕ್ಕದ ಸರಪಳಿ ಬದಲಿಸುವುದು. ಮೂರರ ಆರ್‌ಎನ್‌ಎಯೂ ಪಿಜಿಎ1 ಜೊತೆ ಏರಿಳಿಯಿತು. ಈ ಬೂಷ್ಟಿನಲ್ಲಿ ಬೆಳೆ ಎನ್ನುವ ಸಂಕೇತವೂ ಪೆನಿಸಿಲಿನ್ ಮಾಡು ಎನ್ನುವ ಸಂಕೇತವೂ ಒಂದೇ ಕಡೆಗಿವೆ. ಬೀಜಕ ಎದುರು ದಿಕ್ಕಿಗಿದೆ.

ಹಳದಿ ಬಣ್ಣದ ಬಗ್ಗೆ ಒಂದು ಮಾತು. 1943ರಲ್ಲಿ ಅಮೆರಿಕದ ಪಿಯೋರಿಯಾದಲ್ಲಿ ಕೊಳೆತ ಕರಬೂಜದ ಮೇಲೆ ಸಿಕ್ಕ ತಳಿಯಿಂದ ಇವತ್ತಿನ ಕಾರ್ಖಾನೆ ತಳಿಗಳೆಲ್ಲ ಇಳಿದು ಬಂದಿವೆ. ಔಷಧಕ್ಕೆ ಬಣ್ಣ ಹತ್ತುತ್ತದೆ ಎಂದು ವಿಸ್ಕಾನ್ಸಿನ್‌ನವರು ಹಳದಿ ಇಲ್ಲದ ತಳಿ ಆರಿಸಿಟ್ಟರು. ಕಾರ್ಖಾನೆಗೆ ಒಳ್ಳೆಯದಾಯಿತು. ನನ್ನಂಥ ತಟ್ಟೆ ನೋಡುವವನಿಗೆ ಕಣ್ಣಿಗೆ ಕಾಣುವ ಒಂದು ಗುರುತು ಹೋಯಿತು.

ಅಳತೆ

ಪೆನಿಸಿಲಿನ್ ಅಳೆಯಲು ಎಚ್‌ಪಿಎಲ್‌ಸಿ, ಅಂದರೆ ರಾಸಾಯನಿಕಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ, ನಮ್ಮಲ್ಲಿಲ್ಲ. ಬ್ಯಾಸಿಲಸ್ ಸಬ್ಟಿಲಿಸ್ ಇದೆ. ಅದರ ಬೀಜಕದ ನೀರನ್ನು ಸುಮಾರು 50 ಡಿಗ್ರಿಗೆ ಆರಿದ ಅಗರ್‌ಗೆ ಬೆರೆಸಿ ತಟ್ಟೆಗೆ ಸುರಿಯಬೇಕು. ಬೂಷ್ಟಿನ ವಸಾಹತಿನಿಂದ 6 ಮಿಲಿಮೀಟರ್ ಕಾರ್ಕ್ ಬೋರರ್‌ನಲ್ಲಿ ಬಿಲ್ಲೆ ಕತ್ತರಿಸಿ ಅದರ ಮೇಲಿಟ್ಟು, ಕೆಲವು ಗಂಟೆ ಫ್ರಿಜ್‌ನಲ್ಲಿಡಿ. ಬ್ಯಾಕ್ಟೀರಿಯಾ ಏಳುವ ಮೊದಲು ಪೆನಿಸಿಲಿನ್ ಸುತ್ತ ಹರಡುತ್ತದೆ. ನಂತರ ರಾತ್ರಿಯಿಡೀ 37 ಡಿಗ್ರಿ. ಬಿಲ್ಲೆಯ ಸುತ್ತ ತಿಳಿಯಾದ ವೃತ್ತ ಬಂದರೆ ಅಲ್ಲಿ ಬ್ಯಾಕ್ಟೀರಿಯಾ ಬೆಳೆದಿಲ್ಲ. ಪೆನಿಸಿಲಿನ್ ಜಿ ದ್ರಾವಣವನ್ನು ಬೇರೆ ಬೇರೆ ಪ್ರಮಾಣದಲ್ಲಿ ಇಟ್ಟು ಒಂದು ಅಳತೆ ಗೆರೆ ಮಾಡಿಕೊಳ್ಳಿ. ವೃತ್ತದ ಅಗಲ ಪ್ರಮಾಣದ ಜೊತೆ ನೇರ ಏರುವುದಿಲ್ಲ, ಅದರ ಲಾಗ್ ಜೊತೆ ಏರುತ್ತದೆ. ಹಾಗಾಗಿ ಅಗಲದಲ್ಲಿ ಸಣ್ಣ ವ್ಯತ್ಯಾಸ ಕಂಡರೂ ಪ್ರಮಾಣದಲ್ಲಿ ದೊಡ್ಡದಿರಬಹುದು.

ವೃತ್ತ ಬಂದ ಮಾತ್ರಕ್ಕೆ ಪೆನಿಸಿಲಿನ್ ಎನ್ನಲಾಗದು. ಬಿಲ್ಲೆಯ ಒಂದು ಪಕ್ಕ ಪೆನಿಸಿಲಿನೇಸ್ (ಪೆನಿಸಿಲಿನ್ ಒಡೆಯುವ ಕಿಣ್ವ) ಹೀರಿದ ಕಾಗದದ ಚುಕ್ಕೆ ಇಟ್ಟೆ. ಆ ಪಕ್ಕದಲ್ಲಿ ವೃತ್ತ ಒಳಕ್ಕೆ ಕುಗ್ಗಿತು, ಇನ್ನೊಂದು ಪಕ್ಕ ಹಾಗೇ ಉಳಿಯಿತು. ಈ ಪೂರಾ ಕೆಲಸದಲ್ಲಿ ನನಗೆ ಅತಿ ಖುಷಿ ಕೊಟ್ಟ ತಟ್ಟೆ ಅದೇ.

ಬೂಷ್ಟಿಗೆ ಚಾಪೆಕ್ ಆಹಾರ: ಲೀಟರಿಗೆ ಸಕ್ಕರೆ 30 ಗ್ರಾಂ, ಸೋಡಿಯಂ ನೈಟ್ರೇಟ್ 3, ಡೈಪೊಟ್ಯಾಸಿಯಂ ಫಾಸ್ಫೇಟ್ 1, ಮೆಗ್ನೀಸಿಯಂ ಸಲ್ಫೇಟ್ ಮತ್ತು ಪೊಟ್ಯಾಸಿಯಂ ಕ್ಲೋರೈಡ್ ತಲಾ ಅರ್ಧ, ಫೆರಸ್ ಸಲ್ಫೇಟ್ 0.01, ಅಗರ್ 15. ಸಕ್ಕರೆಯ ಜಾಗದಲ್ಲಿ ಒಂದು ಗುಂಪಿಗೆ ಗ್ಲುಕೋಸ್, ಇನ್ನೊಂದಕ್ಕೆ ಲ್ಯಾಕ್ಟೋಸ್. ಬೀಜಕ ಹಾರುವ ತಟ್ಟೆಗಳನ್ನು ಲ್ಯಾಮಿನಾರ್‌ನಲ್ಲಿ (ಶುದ್ಧ ಗಾಳಿ ಊದುವ ಕಪಾಟು) ತೆಗೆಯಬೇಡಿ, ನಮ್ಮದರಂಥ ಅಡ್ಡ ಲ್ಯಾಮಿನಾರ್ ಗಾಳಿಯನ್ನು ನಿಮ್ಮ ಮುಖಕ್ಕೇ ಊದುತ್ತದೆ. ಬಯೋಸೇಫ್ಟಿ ಕ್ಯಾಬಿನೆಟ್ ಬಳಸಿ. ಪೆನಿಸಿಲಿನ್ ಅಲರ್ಜಿ ಇದ್ದವರು ಈ ಕೆಲಸದಿಂದ ದೂರ ಇರಲಿ.

ಏನು ಕಂಡಿತು

ಗ್ಲುಕೋಸ್ ತಟ್ಟೆಯಲ್ಲಿ ವಸಾಹತು ದಪ್ಪ, ವೃತ್ತ ಚಿಕ್ಕದು. ಲ್ಯಾಕ್ಟೋಸ್‌ನಲ್ಲಿ ವೃತ್ತ ದೊಡ್ಡದು. ಇದು ಹೊಸದೇನಲ್ಲ. ಬೂಷ್ಟು ಬೇಗ ಅರಗಿಸಿಕೊಳ್ಳುವ ಸಕ್ಕರೆ ಪೆನಿಸಿಲಿನ್ ಜೀನ್‌ಗಳನ್ನು ಅದುಮುತ್ತದೆ. ಜೀನಿನ ಈ ಕತೆ ಗೊತ್ತಾಗುವ ಮೊದಲೇ ಪಿಯೋರಿಯಾದವರು ಲ್ಯಾಕ್ಟೋಸ್ ಮತ್ತು ಮೆಕ್ಕೆಜೋಳ ನೆನೆಸಿದ ನೀರು ಬಳಸಿದ್ದರು. ನನಗೆ ಇದು ಅಳತೆ ಸರಿಯಾಗಿ ನಡೆಯುತ್ತಿದೆ ಎನ್ನುವುದಕ್ಕೆ ಸಾಕ್ಷಿ.

ಬೆಳಕು ಕತ್ತಲೆಯಲ್ಲಿ ಬೀಜಕದ ವ್ಯತ್ಯಾಸ ಕಣ್ಣಿಗೇ ಕಂಡಿತು. ಬೆಳಕಿನ ತಟ್ಟೆ ಅಂಚಿನವರೆಗೆ ನೀಲಿ ಹಸಿರು, ಕತ್ತಲೆಯದರಲ್ಲಿ ಬಿಳಿ ಅಂಚು ಅಗಲ. ಹೀಮೋಸೈಟೋಮೀಟರ್ ಎಣಿಕೆಯೂ ಅದನ್ನೇ ಹೇಳಿತು. ಆದರೆ ವೃತ್ತ? ಒಂದೇ ಗುಂಪಿನ ತಟ್ಟೆಗಳ ನಡುವೆ ಇರುವಷ್ಟೇ ವ್ಯತ್ಯಾಸ ಎರಡು ಗುಂಪುಗಳ ನಡುವೆ. ಬೀಜಕ ಕಡಿಮೆಯಾದರೂ ಪೆನಿಸಿಲಿನ್ ಅದರ ಹಿಂದೆ ಇಳಿಯಲಿಲ್ಲ, ಅಷ್ಟನ್ನು ಮಾತ್ರ ಹೇಳಬಲ್ಲೆ.

ಕೆಫೀನ್ ಪ್ರಯೋಗವನ್ನು ನಾನು ಲೆಕ್ಕಕ್ಕೆ ಇಟ್ಟಿಲ್ಲ. ಕೆಫೀನ್ ಸೈಕ್ಲಿಕ್ ಎಎಂಪಿ ಎಂಬ ಸಂದೇಶ ಅಣುವನ್ನು ಒಡೆಯುವ ಕಿಣ್ವವನ್ನು ತಡೆಯುತ್ತದೆ, ಹಾಗಾಗಿ ಆ ಅಣು ಜೀವಕೋಶದಲ್ಲಿ ಏರುತ್ತದೆ. ಜಿ ಪ್ರೋಟೀನ್‌ನ ಕೆಳಗಿನ ಒಂದು ದಾರಿ ಅದು. ಆದರೆ ಕೆಫೀನ್ ಟಿಒಆರ್ ಎಂಬ ಬೆಳವಣಿಗೆಯ ಪ್ರೋಟೀನ್ ಮೇಲೂ ಕೈ ಹಾಕುತ್ತದೆ. ವಸಾಹತು ಚಿಕ್ಕದಾಯಿತು, ಬಿಲ್ಲೆಯಲ್ಲಿ ಬೂಷ್ಟೇ ಕಡಿಮೆ. ಆಗ ವೃತ್ತ ಹೋಲಿಸಿ ಏನು ಪ್ರಯೋಜನ? ಸ್ಪೇನಿನವರು ಸೈಕ್ಲಿಕ್ ಎಎಂಪಿಯನ್ನೇ ಏರಿಸಿ ನೋಡಿದ್ದಾರೆ, ಪೆನಿಸಿಲಿನ್ ಬದಲಾಗಲಿಲ್ಲ. ಅಂದರೆ ಪಿಜಿಎ1 ಈ ಕೆಲಸಕ್ಕೆ ಬೇರೆ ದಾರಿ ಹಿಡಿದಿರಬೇಕು. ನಿಮಗೂ ಕೆಫೀನ್ ಆಸೆ ಇದ್ದರೆ ಬಿಟ್ಟುಬಿಡಿ.

ಬಿಳಿ ತುಂಡು

ಲ್ಯಾಕ್ಟೋಸ್ ತಟ್ಟೆಯೊಂದರಲ್ಲಿ ಹಸಿರು ವಸಾಹತಿನ ನಡುವಿನಿಂದ ಅಂಚಿನ ಕಡೆಗೆ ಅಗಲವಾಗುತ್ತಾ ಹೋದ ಬಿಳಿ ತುಂಡು ಎದ್ದಿತು. ಉಬ್ಬಿದ ಎಳೆ, ಬೀಜಕ ಹೆಚ್ಚುಕಡಿಮೆ ಇಲ್ಲ. ವಿದ್ಯಾರ್ಥಿಯೊಬ್ಬಳು "ಸರ್, ಜಿ ಪ್ರೋಟೀನ್ ಮ್ಯುಟೆಂಟ್ ಸಿಕ್ಕಿತು!" ಎಂದು ಕೂಗಿದಳು. ಚಿತ್ರಗಳಲ್ಲಿ ನೋಡಿದ ಹಾಗೆಯೇ ಇತ್ತು ಅನ್ನುವುದು ನಿಜ.

ಎಳೆಯ ತುದಿ ತೆಗೆದು ಹೊಸ ತಟ್ಟೆಗೆ ಹಾಕಿ, ಮತ್ತೆ ಮತ್ತೆ ದಾಟಿಸಿದೆವು. ಬಿಳಿಯಾಗಿಯೇ ಉಳಿಯಿತು. ಬೇರೆ ಬೂಷ್ಟು ಬಂದು ಕೂತಿಲ್ಲ ಎನ್ನಲು ಸೂಕ್ಷ್ಮದರ್ಶಕದಲ್ಲಿ ನೋಡಿದೆವು. ಅಲ್ಲಲ್ಲಿ ಒಂದೊಂದು ಪೊರಕೆಯಾಕಾರದ ಪೆನಿಸಿಲಿಯಂ ಬೀಜಕ ಕಾಂಡ ಸಿಕ್ಕಿತು. ನಂತರ ಮೂಲ ತಳಿಯ ಪಕ್ಕದಲ್ಲಿಟ್ಟು ವೃತ್ತ ಅಳೆದೆವು. ಸ್ವಿಚ್ಚು ನಿಲ್ಲದೆ ಉಳಿದಿದ್ದರೆ ಬಿಳಿಯೂ ಬರಬೇಕು, ಪೆನಿಸಿಲಿನ್ನೂ ಏರಬೇಕು. ನಮ್ಮ ಬಿಳಿ ತುಂಡಿನ ವೃತ್ತ ಮೂಲ ತಳಿಯದಕ್ಕಿಂತ ಚಿಕ್ಕದು, ಪ್ರತಿ ತಟ್ಟೆಯಲ್ಲೂ. ಹಾಗಾಗಿ ಪಿಜಿಎ1ರ 42ನೇ ಜಾಗದ ಬದಲಾವಣೆ ಅಂತೂ ಇರಲಿಕ್ಕಿಲ್ಲ. ಬಿಳಿ ಬರಿಸುವ ಜೀನ್‌ಗಳು ಇನ್ನೂ ಹಲವು ಇವೆ. ನಿಡುಲನ್ಸ್‌ನಲ್ಲೇ ಫ್ಲೂಜಿ ಮತ್ತು ಎಫ್‌ಎಲ್‌ಬಿ ಸಾಲಿನವು ಸಾಕಷ್ಟಿವೆ. ವೆಲ್‌ಎ ಅಥವಾ ಲೇಎ ಕೆಟ್ಟಿದ್ದರೂ ಪೆನಿಸಿಲಿನ್ ಇಳಿಯುತ್ತದೆ. ನನ್ನ ಅನುಮಾನ ಆ ಕಡೆಗಿದೆ, ಆದರೆ ಅನುಮಾನವೇ ಹೊರತು ಬೇರೇನೂ ಇಲ್ಲ. ಮತ್ತೆ ಮತ್ತೆ ದಾಟಿಸಿದ ತಳಿಗಳು ಸುಮ್ನೆ ಸೊರಗುವುದೂ ಉಂಟು.

ಡಿಎನ್‌ಎ ತೆಗೆದಿಟ್ಟಿದ್ದೇವೆ. ಲೇಎ ಮತ್ತು ವೆಲ್‌ಎ ಜೀನ್‌ಗಳ ಪ್ರೈಮರ್ (ಬೇಕಾದ ಜೀನನ್ನು ಹೆಕ್ಕಲು ಬಳಸುವ ಚಿಕ್ಕ ಡಿಎನ್‌ಎ ತುಂಡು) ಮೊದಲು, ಪಿಜಿಎ1 ನಂತರ. ಸೀಕ್ವೆನ್ಸಿಂಗ್, ಅಂದರೆ ಜೀನಿನ ಅಕ್ಷರ ಓದಿಸುವ ಕೆಲಸ, ಹೊರಗೆ ಕೊಡುವುದಕ್ಕೆ ವಿಭಾಗದ ಹಣ ಬರಬೇಕು. ಅಲ್ಲಿಯವರೆಗೆ ಬಿಳಿ ತುಂಡಿನ ಬಿಲ್ಲೆಗಳನ್ನು ಗ್ಲಿಸರಾಲ್ ಬೆರೆಸಿದ ನೀರಲ್ಲಿ ಡೀಪ್ ಫ್ರೀಜರ್‌ಗೆ ಹಾಕಿದ್ದೇನೆ. ಬೀಜಕ ಇಲ್ಲದ ತಳಿ ಆದ್ದರಿಂದ ಎಳೆಯನ್ನೇ ಹೀಗೆ ಉಳಿಸಬೇಕು, ಒಣ ಮಣ್ಣಿನಲ್ಲಿ ಬೀಜಕ ಇಡುವ ಹಳೇ ವಿಧಾನ ಇದಕ್ಕೆ ನಡೆಯುವುದಿಲ್ಲ.